ಶಾಲೆಯಲ್ಲಿ ಮಕ್ಕಳ ಔಷಧಿ: ಹಳೆಯ ಮುಖ್ಯೋಪಾಧ್ಯಾಯನೊಬ್ಬ ಕಲಿತ ಪಾಠಗಳು

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ನನ್ನನ್ನು ಕೇಳಿದರು. ಶಾಲೆಯು ಬೆಳೆದು ಬಂದ ದಾರಿ, ದಾನಿಗಳ ಔದಾರ್ಯ, ಪರೀಕ್ಷೆಗಳ ಫಲಿತಾಂಶ ಮುಂತಾದವುಗಳನ್ನು ಕುರಿತು ಬರೆಯಲು ನನಗಿಂತ ಸಮರ್ಥರಾದವರು ಇದ್ದಾರೆ. ನಾನು ಆರಿಸಿಕೊಂಡಿರುವ ವಿಷಯ ಚಿಕ್ಕದು. ಕಾಯಿಲೆಯುಳ್ಳ ಮಗುವೊಂದು ಶಾಲೆಗೆ ಬಂದಾಗ, ಅದರ ಚೀಲದಲ್ಲಿ ಪುಸ್ತಕಗಳ ಜೊತೆಗೆ ಔಷಧಿಯೂ ಇದ್ದಾಗ, ಶಾಲೆಯು ಏನು ಮಾಡಬೇಕು? ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. ಇದರಲ್ಲಿ ನಾನೇ ಒಮ್ಮೆ ತಪ್ಪಿದವನು.

ನಾನು ವೈದ್ಯನಲ್ಲ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಓದಿ, ಉಪಾಧ್ಯಾಯ ತರಬೇತಿ ಪಡೆದವನು. ಇಲ್ಲಿ ಹೇಳುವುದೆಲ್ಲವೂ ಅನುಭವದಿಂದಲೂ ವೈದ್ಯರನ್ನು ಕೇಳಿಯೂ ತಿಳಿದುಕೊಂಡದ್ದು. ಯಾವ ಮಗುವಿಗೆ ಯಾವ ಔಷಧಿ ಎಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು. ಅವರು ನಿರ್ಧರಿಸಿದ್ದನ್ನು ಶಾಲೆಯಲ್ಲಿ ಹೇಗೆ ನಡೆಸಿಕೊಡಬೇಕು ಎಂಬುದಷ್ಟೇ ನನ್ನ ಪಾಠ.

ಮೊದಲು ನನ್ನ ತಪ್ಪು

1978ರಲ್ಲಿ ನಾನು ಮೂರನೆಯ ತರಗತಿಯ ಉಪಾಧ್ಯಾಯನಾಗಿದ್ದೆ. ನೇಕಾರರ ಮನೆಯ ಹುಡುಗಿಯೊಬ್ಬಳು ಆ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದಳು. ಒಂದು ದಿನ ಬೆಳಗ್ಗೆ ಮಕ್ಕಳು ಮಗ್ಗಿ ಹೇಳುತ್ತಿದ್ದಾಗ ಅವಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು. ನಮ್ಮ ಹಿರಿಯರು ಮಾಡುತ್ತಿದ್ದುದನ್ನೇ ನಾನೂ ಮಾಡಿದೆ. ಬೀರುವಿನ ಬೀಗದ ಕೈ ಗೊಂಚಲನ್ನು ಅವಳ ಅಂಗೈಯಲ್ಲಿ ಒತ್ತಿದೆ. ದೊಡ್ಡ ಹುಡುಗರಿಂದ ಕಾಲುಗಳನ್ನು ಹಿಡಿಸಿದೆ. ನಾಲಿಗೆ ಕಚ್ಚಿಕೊಂಡಾಳೆಂದು ಚಮಚದ ಹಿಡಿಯನ್ನು ಹಲ್ಲುಗಳ ನಡುವೆ ತೂರಿಸಲು ಹೋಗಿ ತುಟಿಯನ್ನು ಗಾಯಮಾಡಿದೆ. ಎರಡು ಮೂರು ನಿಮಿಷಗಳಲ್ಲಿ ಅದು ತಾನಾಗಿಯೇ ನಿಂತಿತು. ಬೀಗದ ಕೈಯಿಂದ ನಿಂತಿತೆಂದು ಎಲ್ಲರೂ ಹೇಳಿದರು, ನಾನೂ ನಂಬಿದೆ.

ಮರುದಿನ ಇಬ್ಬರು ತಾಯಂದಿರು ಬಂದು, ತಮ್ಮ ಮಕ್ಕಳನ್ನು ಆ ಹುಡುಗಿಯ ಪಕ್ಕದಲ್ಲಿ ಕೂರಿಸಬಾರದೆಂದರು. ನಾನು ಹುಡುಗಿಯ ತಂದೆಯನ್ನು ಕರೆಸಿ, ಮಗು ಗುಣವಾಗುವ ತನಕ ಮನೆಯಲ್ಲಿಯೇ ಇರಲೆಂದು ಹೇಳಿದೆ. ಅವರು ಮಗ್ಗದಿಂದ ಎದ್ದು ಬಂದಿದ್ದರು. ಅಂಗಿಯ ಮೇಲೆ ನೂಲಿನ ಎಳೆಗಳಿದ್ದವು. "ಆಗಲಿ ಸಾರ್" ಎಂದು ಕೈಮುಗಿದು, ಮಗಳ ಸ್ಲೇಟನ್ನೂ ಎತ್ತಿಕೊಂಡು ಹೋದರು. ಗುಣವಾಯಿತೇ ಎಂದು ಕೇಳಲು ನಾನು ಹೋಗಲಿಲ್ಲ; ಗುಣವಾಯಿತೆಂದು ಹೇಳಲು ಅವರು ಬರಲಿಲ್ಲ.

1996ರ ಜೂನ್ ತಿಂಗಳಲ್ಲಿ, ನಾನು ಮುಖ್ಯೋಪಾಧ್ಯಾಯನಾಗಿದ್ದಾಗ, ಆಕೆಯೇ ತನ್ನ ಮಗನನ್ನು ಒಂದನೆಯ ತರಗತಿಗೆ ಸೇರಿಸಲು ಬಂದಳು. ಅರ್ಜಿಯಲ್ಲಿ ಸಹಿ ಮಾಡಬೇಕಾದ ಸ್ಥಳವನ್ನು ತೋರಿಸಿದಾಗ ಎಡಗೈಯ ಹೆಬ್ಬೆರಳನ್ನು ಮುಂದೆ ಚಾಚಿದಳು. ಅವಳ ಹೆಸರನ್ನು ಬರೆಯಲು ನಾನೇ ಕಲಿಸಿದ್ದೆ. "ಅಭ್ಯಾಸ ತಪ್ಪೋಯ್ತು ಸಾರ್. ದೊಡ್ಡಾಸ್ಪತ್ರೇಲಿ ಮಾತ್ರೆ ಕೊಟ್ರು, ಮೂರು ವರ್ಷ ತಿಂದೆ, ನಿಂತೋಯ್ತು. ಆಮೇಲೆ ಸ್ಕೂಲಿಗೆ ಬರೋಕೆ ವಯಸ್ಸು ಮೀರಿತ್ತು" ಎಂದಳು. ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಕಷ್ಟವಾಯಿತು. ಮೂರು ವರ್ಷ ಮಾತ್ರೆ ತಿಂದರೆ ವಾಸಿಯಾಗುವ ಕಾಯಿಲೆಗೆ ನಾನು ಒಂದು ಮಗುವಿನ ವಿದ್ಯೆಯನ್ನೇ ನಿಲ್ಲಿಸಿದ್ದೆ. ಆ ವರ್ಷದಿಂದಲೇ ನಮ್ಮ ಶಾಲೆಯಲ್ಲಿ 'ಔಷಧಿ ಪುಸ್ತಕ' ಆರಂಭವಾಯಿತು.

ಶಾಲೆಯೂ ಆರೋಗ್ಯವೂ: ಸ್ವಲ್ಪ ಚರಿತ್ರೆ

ಭಾರತದಲ್ಲಿ ಶಾಲಾಮಕ್ಕಳ ವೈದ್ಯಕೀಯ ತಪಾಸಣೆಯು 1909ರಲ್ಲಿ ಬರೋಡ ನಗರದಲ್ಲಿ ಮೊದಲಾಯಿತು. 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯು, ದೇಶದಲ್ಲಿ ಶಾಲಾ ಆರೋಗ್ಯ ಸೇವೆಯೆಂಬುದು ಬಹುಮಟ್ಟಿಗೆ ಇಲ್ಲವೇ ಇಲ್ಲವೆಂದು ಹೇಳಿತು. 1960ರಲ್ಲಿ ಶ್ರೀಮತಿ ರೇಣುಕಾ ರಾಯ್ ಅವರ ಅಧ್ಯಕ್ಷತೆಯಲ್ಲಿ ಇದಕ್ಕಾಗಿಯೇ ಒಂದು ಸಮಿತಿ ನೇಮಕವಾಯಿತು.

ನಾವು ನೆಲೆಸಿರುವ ತಮಿಳುನಾಡು ಈ ವಿಷಯದಲ್ಲಿ ಅನ್ನದಿಂದ ಪ್ರಾರಂಭಿಸಿತು. ಕಾಮರಾಜರ ಕಾಲದಲ್ಲಿ 1956ರಲ್ಲಿ ಆರಂಭವಾದ ಮಧ್ಯಾಹ್ನದ ಊಟವು 1982ರ ಜುಲೈ 1ರಿಂದ ಎಂ.ಜಿ.ಆರ್. ಅವರ ಪೌಷ್ಟಿಕ ಆಹಾರ ಯೋಜನೆಯಾಗಿ ಬೆಳೆಯಿತು. 2022ರ ಸೆಪ್ಟೆಂಬರ್ 15ರಿಂದ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ಉಪಾಹಾರವೂ ಆರಂಭವಾಗಿ, ಮುಂದೆ ಹಂತಹಂತವಾಗಿ ವಿಸ್ತರಿಸಿತು. ಅನ್ನಕ್ಕೂ ಔಷಧಿಗೂ ಏನು ಸಂಬಂಧವೆಂದು ಕೇಳಬಹುದು. ಊಟವಾದ ಮೇಲೆ ಕೊಡಿರೆಂದು ವೈದ್ಯರು ಬರೆದ ಮಾತ್ರೆಯನ್ನು, ಬೆಳಗ್ಗೆ ಬರೀ ಕಾಫಿ ಕುಡಿದು ಬಂದ ಮಗುವಿಗೆ ಕೊಟ್ಟು ಅದು ವಾಂತಿ ಮಾಡಿಕೊಂಡದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ. ಮಗುವಿನ ಹೊಟ್ಟೆಯಲ್ಲಿ ಏನಾದರೂ ಇದೆಯೇ ಎಂದು ಕೇಳುವುದೇ ಔಷಧಿ ಕೊಡುವವನ ಮೊದಲ ಪ್ರಶ್ನೆಯಾಗಬೇಕು.

2013ರಲ್ಲಿ ಕೇಂದ್ರ ಸರ್ಕಾರವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ 'ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ'ವನ್ನು ಆರಂಭಿಸಿತು. ಅದರ ಸಂಚಾರಿ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬಂದು ಹೃದಯದ ದೋಷ, ಕಿವಿ, ಕಣ್ಣು, ಹಲ್ಲು, ರಕ್ತಹೀನತೆ, ಮೂರ್ಛೆ ಮೊದಲಾದವುಗಳನ್ನು ಪರೀಕ್ಷಿಸುತ್ತವೆ. ಆದರೆ ತಂಡವು ಬರುವುದು ವರ್ಷಕ್ಕೊಮ್ಮೆ. ಉಪಾಧ್ಯಾಯನು ಮಗುವನ್ನು ನೋಡುವುದು ಪ್ರತಿದಿನ. ಕಪ್ಪುಹಲಗೆಯನ್ನು ಕಾಣದೆ ಕಣ್ಣು ಕಿರಿದುಮಾಡುವ ಮಗುವನ್ನೂ, ಓಡಿದ ಮೇಲೆ ತುಟಿ ನೀಲಿಯಾಗುವ ಮಗುವನ್ನೂ ಮೊದಲು ಗುರುತಿಸಬೇಕಾದವನು ಉಪಾಧ್ಯಾಯನೇ.

ಪಾಠ ಒಂದು: ಯಾವ ಔಷಧಿ ಶಾಲೆಗೆ ಬರಬೇಕು?

ಎಲ್ಲ ಔಷಧಿಯೂ ಶಾಲೆಗೆ ಬರಬೇಕಾಗಿಲ್ಲ. ವೈದ್ಯರ ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದರ್ಥ. ಅಂಥ ಮಾತ್ರೆಗೆ ಶಾಲೆಯಲ್ಲಿ ಕೆಲಸವೇ ಇಲ್ಲ. ದಿನಕ್ಕೆ ಮೂರು ಹೊತ್ತು ಎಂದಿದ್ದರೂ, ಶಾಲೆಗೆ ಹೊರಡುವ ಮುನ್ನ, ಶಾಲೆಯಿಂದ ಬಂದ ಕೂಡಲೇ, ಮಲಗುವ ಮುನ್ನ ಎಂದು ಹಂಚಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬೇಕು. ಎಷ್ಟೋ ಔಷಧಿಗಳಿಗೆ ಅವರು ಆಗಬಹುದೆನ್ನುತ್ತಾರೆ. ಈ ಒಂದು ಪ್ರಶ್ನೆಯಿಂದ ನಮ್ಮ ಶಾಲೆಗೆ ಬರುತ್ತಿದ್ದ ಔಷಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯಲ್ಲಿಯೇ ಉಳಿದವು.

ಹಾಗಾದರೆ ಶಾಲೆಗೆ ಬರತಕ್ಕ ಔಷಧಿಗಳು ಎರಡು ಬಗೆ. ಮಧ್ಯಾಹ್ನದಲ್ಲಿಯೇ ಕೊಡಬೇಕೆಂದು ವೈದ್ಯರು ಹೇಳಿದವು ಒಂದು ಬಗೆ. ಉಬ್ಬಸಕ್ಕೆ ಸೇದುವ ಇನ್‌ಹೇಲರಿನಂತೆ, ಯಾವ ಗಳಿಗೆಯಲ್ಲಾದರೂ ಬೇಕಾಗಬಹುದಾದವು ಇನ್ನೊಂದು ಬಗೆ.

ಪಾಠ ಎರಡು: ಚೀಟಿ ಮತ್ತು ಪುಸ್ತಕ

ಔಷಧಿಯನ್ನು ಮಗುವಿನ ಕೈಯಲ್ಲಿ ಕಳುಹಿಸಬಾರದು. ಮನೆಯ ಹಿರಿಯರೊಬ್ಬರು ತಂದು ಒಪ್ಪಿಸಬೇಕು. ಕಾಗದದಲ್ಲಿ ಸುತ್ತಿದ ಬಿಡಿ ಮಾತ್ರೆಗಳನ್ನು ಶಾಲೆಯು ತೆಗೆದುಕೊಳ್ಳಬಾರದು. ಔಷಧಿಯ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಕಾಣುವಂತಹ ಅದರ ಸ್ವಂತ ಪಟ್ಟಿಯಲ್ಲಿಯೋ ಸೀಸೆಯಲ್ಲಿಯೋ ಇರಬೇಕು. ಜೊತೆಗೆ ವೈದ್ಯರ ಚೀಟಿಯ ಪ್ರತಿ, ತಂದೆತಾಯಿಗಳ ಒಪ್ಪಿಗೆಯ ಪತ್ರ, ತುರ್ತಿನಲ್ಲಿ ಕರೆಯಬೇಕಾದ ದೂರವಾಣಿ ಸಂಖ್ಯೆ ಇರಬೇಕು.

ಕೊಡುವಾಗ ಐದು 'ಸರಿ'ಗಳನ್ನು ನೋಡತಕ್ಕದ್ದು: ಸರಿಯಾದ ಮಗು, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಹೊತ್ತು, ಸರಿಯಾದ ವಿಧಾನ. ಇವುಗಳಲ್ಲಿ ಮೊದಲನೆಯದು ಎಲ್ಲಕ್ಕಿಂತ ಸುಲಭವೆಂದು ತೋರುತ್ತದೆ. ಆದರೆ ಕುಲದೇವತೆಯ ಹೆಸರನ್ನೋ ಅಜ್ಜ ಅಜ್ಜಿಯರ ಹೆಸರನ್ನೋ ಇಡುವುದು ನಮ್ಮ ಮನೆತನಗಳ ಪದ್ಧತಿ. ಒಂದು ವರ್ಷ ಒಂದೇ ತರಗತಿಯಲ್ಲಿ ಮೂವರಿಗೆ ಒಂದೇ ಹೆಸರು. ಅವರಲ್ಲಿ ಇಬ್ಬರ ತಂದೆಯರ ಹೆಸರಿನ ಮೊದಲ ಅಕ್ಷರವೂ ಒಂದೇ. ಒಬ್ಬಳ ಮಾತ್ರೆಯನ್ನು ಇನ್ನೊಬ್ಬಳು ಬಾಯಿಗೆ ಹಾಕಿಕೊಳ್ಳುವುದರಲ್ಲಿದ್ದಳು. ಪಕ್ಕದಲ್ಲಿದ್ದ ಹುಡುಗನು "ಸಾರ್, ಅವಳಲ್ಲ, ಇವಳು" ಎಂದದ್ದರಿಂದ ಉಳಿದೆವು. ಅಂದಿನಿಂದ ಔಷಧಿಯ ಮೇಲೆ ಹೆಸರಿನ ಜೊತೆಗೆ ತಂದೆತಾಯಿಗಳ ಹೆಸರು, ಬೀದಿಯ ಹೆಸರು, ಹಾಜರಿ ಪುಸ್ತಕದ ಸಂಖ್ಯೆ ಇವುಗಳನ್ನು ಬರೆಯತೊಡಗಿದೆವು. ಈಗ ಭಾವಚಿತ್ರವನ್ನೂ ಅಂಟಿಸಬಹುದು.

ಕೊಟ್ಟ ಕೂಡಲೇ ಪುಸ್ತಕದಲ್ಲಿ ದಿನಾಂಕ, ಹೊತ್ತು, ಔಷಧಿ, ಪ್ರಮಾಣ ಬರೆದು ಕೊಟ್ಟವರು ಸಹಿ ಮಾಡಬೇಕು. ಸಂಜೆ ಬರೆಯೋಣವೆಂದರೆ, ಕೊಟ್ಟೆನೋ ಇಲ್ಲವೋ ಎಂಬ ಸಂಶಯ ಬಂದು ಎರಡನೆಯ ಬಾರಿ ಕೊಡುವ ಅಪಾಯವುಂಟು. ಕೊಡಲು ಮರೆತಿದ್ದರೆ ಅದನ್ನೂ ಬರೆದು ಮನೆಗೆ ತಿಳಿಸಬೇಕು. ಮರೆತದ್ದಕ್ಕಾಗಿ ಮುಂದಿನ ಬಾರಿ ಎರಡು ಪಾಲು ಕೊಡುವುದು ಕೂಡದು. ತಪ್ಪನ್ನು ಮುಚ್ಚಿಡುವ ಪುಸ್ತಕಕ್ಕಿಂತ ಪುಸ್ತಕವೇ ಇಲ್ಲದಿರುವುದು ಮೇಲು.

ಪಾಠ ಮೂರು: ಮೂರು ಭಾಷೆಗಳ ನಡುವೆ ಒಂದು ಸೀಸೆ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಈ ತೊಂದರೆ ಹೆಚ್ಚು. ಸೀಸೆಯ ಮೇಲಿನ ಬರಹ ಇಂಗ್ಲಿಷ್. ಆಸ್ಪತ್ರೆಯಲ್ಲಿ ಹೇಳುವುದು ತಮಿಳು. ಮನೆಯಲ್ಲಿ ಔಷಧಿ ಕುಡಿಸುವ ಅಜ್ಜಿಗೆ ಬರುವುದು ತಲೆತಲಾಂತರದಿಂದ ಉಳಿದುಬಂದ ನಮ್ಮ ಮನೆಮಾತಿನ ಕನ್ನಡ. ತಮಿಳಿನಲ್ಲಿ 'ವಲಿ' ಎಂದರೆ ನೋವು, 'ವಲಿಪ್ಪು' ಎಂದರೆ ಮೂರ್ಛೆಯ ಸೆಳೆತ. ಒಬ್ಬ ಅಜ್ಜಿಯು ಮೊಮ್ಮಗನ ಹೊಟ್ಟೆನೋವನ್ನು ಹೇಳಲು ಹೋಗಿ 'ವಲಿಪ್ಪು' ಎಂದುಬಿಟ್ಟರು. ಅಲ್ಲಿನ ದಾದಿಯು ಎಷ್ಟು ಹೊತ್ತು ಇತ್ತು, ನೊರೆ ಬಂದಿತೇ ಎಂದು ಕೇಳುತ್ತ ಹೋದರು. ಅಜ್ಜಿಗೆ ಪ್ರಶ್ನೆಗಳು ಅರ್ಥವಾಗದೆ ಎಲ್ಲಕ್ಕೂ 'ಆಮಾ' ಎನ್ನುತ್ತಿದ್ದರು. ಅದೃಷ್ಟಕ್ಕೆ ನಾನು ಜೊತೆಯಲ್ಲಿದ್ದೆ.

ಆದುದರಿಂದ ಶಾಲೆಯ ಚೀಟಿಯು ಕನ್ನಡ, ತಮಿಳು ಎರಡರಲ್ಲಿಯೂ ಇರಬೇಕು. ಉಬ್ಬಸವೆಂಬ ಪದದ ಪಕ್ಕದಲ್ಲಿ 'ಇಳೈಪ್ಪು', ಸಕ್ಕರೆ ಕಾಯಿಲೆಯ ಪಕ್ಕದಲ್ಲಿ 'ಸಕ್ಕರೈ ನೋಯ್', ಮೂರ್ಛೆಯ ಪಕ್ಕದಲ್ಲಿ 'ವಲಿಪ್ಪು' ಎಂದು ಬರೆದಿಟ್ಟರೆ, ತುರ್ತಿನಲ್ಲಿ ಬರುವ 108ರ ಸಿಬ್ಬಂದಿಗೂ ಅನುಕೂಲ. ಓದು ಬಾರದ ಹಿರಿಯರಿಗಾಗಿ ಸೂರ್ಯ, ಚಂದ್ರರ ಚಿತ್ರ ಬರೆದು ಬೆಳಗ್ಗೆ, ರಾತ್ರಿ ಎಂದು ತೋರಿಸಬಹುದು. 'ಒಂದು ಚಮಚ' ಎಂಬ ಮಾತನ್ನಂತೂ ಬಿಡಬೇಕು. ಔಷಧಿಯ ಚಮಚವೆಂದರೆ 5 ಮಿಲಿಲೀಟರ್; ಅಡುಗೆಮನೆಯ ಚಮಚಗಳು ಒಂದೊಂದು ಒಂದೊಂದು ಅಳತೆ. ಸೀಸೆಯ ಜೊತೆಗೆ ಬರುವ ಅಳತೆಯ ಮುಚ್ಚಳವನ್ನೇ ಬಳಸಬೇಕು.

ಪಾಠ ನಾಲ್ಕು: ಬೀಗ ಹಾಕಬೇಕಾದದ್ದು, ಹಾಕಬಾರದದ್ದು

ಔಷಧಿಗಳು ಬಿಸಿಲು, ತೇವ ತಗಲದ ಬೀರುವಿನಲ್ಲಿ, ಬೀಗದೊಳಗೆ ಇರಬೇಕು. ಆದರೆ ಈ ನಿಯಮಕ್ಕೆ ಒಂದು ಅಪವಾದವುಂಟು. ಅದನ್ನು ಮರೆತರೆ ನಿಯಮವೇ ಅಪಾಯವಾಗುತ್ತದೆ. ಉಬ್ಬಸದ ಇನ್‌ಹೇಲರು, ಸಕ್ಕರೆ ಕಾಯಿಲೆಯ ಮಗುವಿಗೆ ಬೇಕಾದ ಗ್ಲೂಕೋಸು ಇವುಗಳಿಗೆ ಬೀಗ ಹಾಕಬಾರದು. ಬೀಗದ ಕೈ ಇಟ್ಟುಕೊಂಡವರು ಬ್ಯಾಂಕಿಗೆ ಹೋಗಿದ್ದಾಗಲೇ ಮಗುವಿಗೆ ಉಸಿರು ಕಟ್ಟಬಹುದು. ಇವು ತರಗತಿಯ ಉಪಾಧ್ಯಾಯರ ಮೇಜಿನಲ್ಲಿ, ಕೈಗೆ ಸಿಗುವಂತೆ ಇರಬೇಕು. ಆಟದ ಬಯಲಿಗೂ ಪ್ರವಾಸಕ್ಕೂ ಮಗುವಿನ ಜೊತೆಯಲ್ಲಿಯೇ ಹೋಗಬೇಕು.

ಇನ್ಸುಲಿನ್ ಅನ್ನು, ತೆರೆಯುವ ಮುನ್ನ, 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಶೀತಕಪೆಟ್ಟಿಗೆ ಇಲ್ಲದ ಕಡೆಗಳಲ್ಲಿ, ಬಳಕೆಯಲ್ಲಿರುವ ಸೀಸೆಯನ್ನು ಒದ್ದೆ ಮರಳಿನ ಮಧ್ಯೆ ಇಟ್ಟ ಮಣ್ಣಿನ ಮಡಕೆಯೊಳಗೆ, ನೀರು ತಗಲದಂತೆ ಇಡಬಹುದೆಂದು ವೈದ್ಯರು ಹೇಳುತ್ತಾರೆ.

ಪಾಠ ಐದು: ಮೂರು ಕಾಯಿಲೆಗಳು

ಮೊದಲನೆಯದು ಮೂರ್ಛೆರೋಗ. ಇದು ಮಿದುಳಿನಲ್ಲಿ ವಿದ್ಯುತ್ ಸಂಕೇತಗಳು ಕ್ಷಣಕಾಲ ಅಸ್ತವ್ಯಸ್ತವಾಗುವುದರಿಂದ ಆಗುವಂಥದು. ದೆವ್ವದ ಕಾಟವೂ ಅಲ್ಲ, ಅಂಟುರೋಗವೂ ಅಲ್ಲ. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ನೂರಕ್ಕೆ ಎಪ್ಪತ್ತರಷ್ಟು ಜನರು ಸೆಳೆತವಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಸೆಳೆತ ಬಂದಾಗ ಗಡಿಯಾರ ನೋಡಿಕೊಳ್ಳಿ. ಸುತ್ತಲಿನ ಬೆಂಚು, ಸ್ಲೇಟುಗಳನ್ನು ಸರಿಸಿ; ತಲೆಯ ಕೆಳಗೆ ಮೆತ್ತನೆಯದನ್ನು ಇಡಿ; ಕೊರಳ ಗುಂಡಿ ಬಿಚ್ಚಿ, ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ. ಕೈಕಾಲು ಒತ್ತಿ ಹಿಡಿಯಬೇಡಿ. ಬಾಯಿಗೆ ಏನನ್ನೂ ತುರುಕಬೇಡಿ. ಪೂರ್ಣ ಎಚ್ಚರವಾಗುವ ತನಕ ನೀರು ಕುಡಿಸಬೇಡಿ. ಕಬ್ಬಿಣದಿಂದ ಯಾವ ಪ್ರಯೋಜನವೂ ಇಲ್ಲ. 5 ನಿಮಿಷವಾದರೂ ನಿಲ್ಲದಿದ್ದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಅಥವಾ ಮೊದಲ ಬಾರಿಗೆ ಬಂದದ್ದಾದರೆ 108ಕ್ಕೆ ಕರೆಮಾಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಆಮೇಲಿನದು: ಮಗು ಎದ್ದು ಕುಳಿತಾಗ ಅದರ ಜಾಗ ಅದೇ ಬೆಂಚಿನಲ್ಲಿರಬೇಕು.

ಎರಡನೆಯದು ಉಬ್ಬಸ, ನಮ್ಮ ಮನೆಗಳಲ್ಲಿ ಗೂರಲು ಎನ್ನುವುದು. ಪಾಲಕ್ಕಾಡಿನ ಕಣಿವೆಯಿಂದ ಆಡಿ ಮಾಸದಲ್ಲಿ ಬೀಸುವ ಗಾಳಿಗೆ ಧೂಳೆದ್ದಾಗ, ಮಗ್ಗದ ಮನೆಗಳಲ್ಲಿ ನೂಲಿನ ದೂಸರು ಹಾರಿದಾಗ, ನಮ್ಮ ಮಕ್ಕಳಲ್ಲಿ ಇದು ಹೆಚ್ಚುವುದನ್ನು ನಾನು ವರ್ಷವರ್ಷವೂ ಕಂಡಿದ್ದೇನೆ. ಇನ್‌ಹೇಲರು ಚಟವಾಗುತ್ತದೆ ಎಂಬ ಭಯದಿಂದ ಎಷ್ಟೋ ತಾಯಂದಿರು ಅದನ್ನು ಮುಚ್ಚಿಡುತ್ತಾರೆ. ಅದು ಚಟವಲ್ಲ, ಔಷಧಿಯು ನೇರವಾಗಿ ಶ್ವಾಸಕೋಶಕ್ಕೆ ಹೋಗುವುದರಿಂದ ಕಡಿಮೆ ಪ್ರಮಾಣವೇ ಸಾಕಾಗುತ್ತದೆ. ಚಿಕ್ಕ ಮಕ್ಕಳು 'ಸ್ಪೇಸರ್' ಎಂಬ ಕೊಳವೆಯ ಮೂಲಕ ಸೇದಬೇಕು. ಅದನ್ನು ಕೊಳ್ಳಲಾಗದವರಿಗೆ ಅರ್ಧ ಲೀಟರಿನ ಪ್ಲಾಸ್ಟಿಕ್ ಸೀಸೆಯಿಂದ ಮಾಡಿದ ಸ್ಪೇಸರ್ ಕೂಡ ಸಮರ್ಥವಾಗಿ ಕೆಲಸಮಾಡುತ್ತದೆಂದು ದಕ್ಷಿಣ ಆಫ್ರಿಕದ ವೈದ್ಯರು 1999ರಲ್ಲಿ ತೋರಿಸಿದರು. ಉಸಿರು ಕಟ್ಟಿದ ಮಗುವನ್ನು ಮಲಗಿಸಬಾರದು. ನೆಟ್ಟಗೆ ಕೂರಿಸಿ, ವೈದ್ಯರು ಬರೆದಂತೆ ಇನ್‌ಹೇಲರು ಕೊಡಬೇಕು. ಒಂದು ವಾಕ್ಯವನ್ನು ಪೂರ್ಣವಾಗಿ ಹೇಳಲಾರದಿದ್ದರೆ, ಉಸಿರಿಗೆ ಪಕ್ಕೆಲುಬುಗಳ ನಡುವೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ ಕಾಯದೆ ಆಸ್ಪತ್ರೆಗೆ ಕಳುಹಿಸಬೇಕು.

ಮೂರನೆಯದು ಮಕ್ಕಳ ಸಕ್ಕರೆ ಕಾಯಿಲೆ. ಇದು ಸಿಹಿ ತಿಂದು ಬರುವುದಲ್ಲ. ಮಗುವಿನ ದೇಹದಲ್ಲಿ ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗುವುದರಿಂದ ಬರುವಂಥದು. 1922ರ ಜನವರಿಯಲ್ಲಿ ಕೆನಡ ದೇಶದ ಟೊರಾಂಟೊ ನಗರದಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚುವ ತನಕ ಇಂಥ ಮಕ್ಕಳು ಬದುಕುತ್ತಿರಲಿಲ್ಲ. ಒಂದು ಮಗು ಮೇಲಿಂದ ಮೇಲೆ ನೀರು ಕುಡಿಯುತ್ತ, ಮತ್ತೆ ಮತ್ತೆ ಒಂದಕ್ಕೆ ಹೋಗಲು ಅಪ್ಪಣೆ ಕೇಳುತ್ತ, ಸೊರಗುತ್ತ ಬಂದರೆ ಗದರಬೇಡಿ. ತಂದೆತಾಯಿಗಳನ್ನು ಕರೆಸಿ ಅಂದೇ ರಕ್ತ ಪರೀಕ್ಷೆ ಮಾಡಿಸಲು ಹೇಳಿ. ಇನ್ಸುಲಿನ್ ಪಡೆಯುವ ಮಗುವಿಗೆ ಬೆವರು, ನಡುಕ, ಸಿಡುಕು, ಮಂಕು ಕಾಣಿಸಿಕೊಂಡರೆ ರಕ್ತದ ಸಕ್ಕರೆ ಇಳಿದಿರುವ ಸಂಭವ ಹೆಚ್ಚು. ಎರಡು ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ನೋಡಿ. ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಆಮೇಲೆ ಏನಾದರೂ ತಿನ್ನಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಿ. ಇಂಥ ಮಗುವನ್ನು ಒಂಟಿಯಾಗಿ ಮನೆಗೆ ಕಳುಹಿಸಲೇಬಾರದು. ತರಗತಿಯಲ್ಲಿ ತಿನ್ನಬಾರದೆಂಬ ನಿಯಮವು ಈ ಮಗುವಿಗೆ ಅನ್ವಯಿಸದು. ಕೇಂದ್ರೀಯ ಶಿಕ್ಷಣ ಮಂಡಲಿಯು 2017ರಲ್ಲಿ ಪರೀಕ್ಷೆಯ ಕೊಠಡಿಗೂ ಇಂಥ ಮಕ್ಕಳು ತಿಂಡಿ ಒಯ್ಯಲು ಅನುಮತಿ ನೀಡಿತು.

ಪಾಠ ಆರು: ಎಲ್ಲ ಮಕ್ಕಳಿಗೂ ಕೊಡುವ ಮಾತ್ರೆಗಳು

2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ಕಾರ್ಯಕ್ರಮದಂತೆ ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆಯನ್ನು ಮಕ್ಕಳಿಗೆ ಕೊಡುತ್ತಾರೆ. ಇದನ್ನು ನುಂಗಬಾರದು, ಅಗಿದು ತಿನ್ನಬೇಕು. ಅಂದು ಜ್ವರ ಮುಂತಾದ ಅಸ್ವಸ್ಥತೆಯುಳ್ಳ ಮಗುವಿಗೂ ಬೇರೆ ಔಷಧಿ ತೆಗೆದುಕೊಳ್ಳುತ್ತಿರುವ ಮಗುವಿಗೂ ಕೊಡದೆ ಆಮೇಲೆ ಕೇಳಿ ಕೊಡಬೇಕು. ಆ ಬೆಳಗ್ಗೆ ಔಷಧಿ ಪುಸ್ತಕವನ್ನು ತೆರೆದು ನೋಡುವುದು ಇದಕ್ಕಾಗಿಯೇ.

ರಕ್ತಹೀನತೆಗೆ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯು ಪ್ರಾಥಮಿಕ ತರಗತಿಗಳಿಗೆ ಗುಲಾಬಿ ಬಣ್ಣದ್ದು, ದೊಡ್ಡ ಮಕ್ಕಳಿಗೆ ನೀಲಿ ಬಣ್ಣದ್ದು. ಊಟದ ಮೇಲೆ, ಉಪಾಧ್ಯಾಯರ ಎದುರಿನಲ್ಲಿಯೇ ನುಂಗಿಸಬೇಕು. ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಮಾತ್ರೆಗಳನ್ನು ಮನೆಗೆ ಕೊಟ್ಟು ಕಳುಹಿಸಬಾರದು. ಮಿಠಾಯಿಯೆಂದು ತಿಳಿದು ಮನೆಯ ಕೂಸು ಹಲವನ್ನು ತಿಂದುಬಿಟ್ಟರೆ ಕಬ್ಬಿಣಾಂಶವೇ ಪ್ರಾಣಕ್ಕೆ ಅಪಾಯ. ಇನ್ನೊಂದು ಎಚ್ಚರಿಕೆ: ಕುಡುಗೋಲು ರಕ್ತಕಣದ ಕಾಯಿಲೆಯಂಥ ವಂಶವಾಹಿ ರಕ್ತದೋಷವಿರುವ ಮಕ್ಕಳಿಗೆ ವೈದ್ಯರನ್ನು ಕೇಳದೆ ಈ ಮಾತ್ರೆ ಕೊಡಬಾರದು. ಭಾರತದಲ್ಲಿ ಆ ದೋಷವನ್ನು ವಿಜ್ಞಾನಿಗಳು ಮೊದಲು ಗುರುತಿಸಿದ್ದು ದೂರದಲ್ಲಲ್ಲ, ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ, 1952ರಲ್ಲಿ.

ಪಾಠ ಏಳು: ಶಾಲೆಯು ಕೊಡಬಾರದ ಔಷಧಿ

ತಲೆನೋವೆಂದ ಮಗುವಿಗೆ ಉಪಾಧ್ಯಾಯರು ತಮ್ಮ ಜೇಬಿನ ಮಾತ್ರೆಯನ್ನು ಮುರಿದು ಕೊಡುವುದು ಹಿಂದೆ ಸಾಮಾನ್ಯವಾಗಿತ್ತು, ನಾನೂ ಕೊಟ್ಟಿದ್ದೇನೆ. ಇದು ಸಲ್ಲದು. ಆಸ್ಪಿರಿನ್ ಮಕ್ಕಳಲ್ಲಿ ಮಿದುಳು ಮತ್ತು ಯಕೃತ್ತಿಗೆ ಹಾನಿಮಾಡುವ ಅಪರೂಪದ, ಆದರೆ ಭಯಂಕರವಾದ ಕಾಯಿಲೆಗೆ ಕಾರಣವಾಗಬಹುದು. ನಿಮೆಸುಲೈಡ್ ಎಂಬ ನೋವಿನ ಔಷಧಿಯನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಭಾರತ ಸರ್ಕಾರವು 2011ರಲ್ಲಿ ನಿಷೇಧಿಸಿತು. ಪ್ಯಾರಾಸಿಟಮಾಲನ್ನು ಕೂಡ ಮಗುವಿನ ತೂಕವನ್ನು ನೋಡಿ ಕೊಡಬೇಕೇ ಹೊರತು ಅಂದಾಜಿನಿಂದಲ್ಲ. ಇನ್ನು ಕೆಮ್ಮಿನ ಸಿರಪ್ಪು: 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ವಿಷದ್ರವ್ಯ ಬೆರೆತ ಕೆಮ್ಮಿನ ಸಿರಪ್ಪನ್ನು ಕುಡಿದು ಅನೇಕ ಚಿಕ್ಕ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಆ ಸಿರಪ್ಪು ತಯಾರಾದದ್ದು ನಮ್ಮ ತಮಿಳುನಾಡಿನಲ್ಲಿಯೇ. ಮಕ್ಕಳ ಸಾಮಾನ್ಯ ಕೆಮ್ಮು ತಾನಾಗಿಯೇ ಇಳಿಯುತ್ತದೆ. ಬಿಸಿನೀರೂ ವಿಶ್ರಾಂತಿಯೂ ಸಾಕು.

ಶಾಲೆಯು ತಾನಾಗಿ ಇಟ್ಟುಕೊಳ್ಳಬಹುದಾದದ್ದು ಸಾಬೂನು, ಶುದ್ಧವಾದ ನೀರು, ಹತ್ತಿ, ಬಟ್ಟೆಪಟ್ಟಿ, ಥರ್ಮಾಮೀಟರು, ಬೇಧಿಗೆ ಕೊಡುವ ಓ.ಆರ್.ಎಸ್. ಪುಡಿ. ಇವುಗಳಲ್ಲಿ ಸಾಬೂನನ್ನು ಅಲ್ಪವೆಂದು ತಿಳಿಯಬಾರದು. ನಾಯಿ ಕಚ್ಚಿದಾಗ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯುವುದೇ ಮೊದಲ ಚಿಕಿತ್ಸೆ. ಆಮೇಲೆ ತಡಮಾಡದೆ ಲಸಿಕೆ. ನಮ್ಮ ಕಾಲದಲ್ಲಿ ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂದು ಹೆದರಿ ಮಕ್ಕಳು ಕಚ್ಚಿದ್ದನ್ನೇ ಮುಚ್ಚಿಡುತ್ತಿದ್ದರು. 1907ರಿಂದ ಇರುವ ಕೂನೂರಿನ ಪಾಶ್ಚರ್ ಸಂಸ್ಥೆಯ ಹೆಸರು ಕೇಳಿದರೇ ಅಳುತ್ತಿದ್ದರು. ಆ ಹಳೆಯ ಲಸಿಕೆ 2004ರ ಕೊನೆಗೆ ನಿಂತುಹೋಯಿತು. ಈಗ ತೋಳಿಗೆ ನಾಲ್ಕು ದಿನಗಳ ಚುಚ್ಚುಮದ್ದು ಮಾತ್ರ: ಮೊದಲ ದಿನ, ಆಮೇಲೆ 3, 7, 28ನೆಯ ದಿನ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಬೇಕು. ಹೆದರದ ಮಗುವೇ ಬಂದು ಹೇಳುವ ಮಗು.

ಕೊನೆಯ ಪಾಠ: ಗುಟ್ಟು ಮತ್ತು ಜಾಗ

ಔಷಧಿ ಪುಸ್ತಕವನ್ನು ಯಾರು ಬೇಕಾದರೂ ತೆರೆದು ನೋಡುವಂತಿರಬಾರದು. ಹೆಣ್ಣುಮಕ್ಕಳ ಕಾಯಿಲೆಯನ್ನು ನಮ್ಮವರು ಏಕೆ ಮುಚ್ಚಿಡುತ್ತಾರೆಂಬುದು ಎಲ್ಲರಿಗೂ ತಿಳಿದದ್ದೇ. ಮುಂದೆ ಮದುವೆಗೆ ಅಡ್ಡಿಯಾದೀತೆಂಬ ಭಯ. ಶಾಲೆಯಲ್ಲಿ ಹೇಳಿದ್ದು ಬೀದಿಗೆ ಬಾರದೆಂಬ ನಂಬಿಕೆ ಹುಟ್ಟಿದರೆ ಮಾತ್ರ ತಂದೆತಾಯಿಗಳು ನಿಜ ಹೇಳುತ್ತಾರೆ. ನಿಜ ತಿಳಿದರೆ ಮಾತ್ರ ಶಾಲೆಯು ಕಾಪಾಡಬಲ್ಲದು. ತರಗತಿಯ ಉಪಾಧ್ಯಾಯರು, ಮುಖ್ಯೋಪಾಧ್ಯಾಯರು, ಊಟ ಬಡಿಸುವ ಆಯಮ್ಮ, ಈ ಮೂವರಿಗೆ ತಿಳಿದಿದ್ದರೆ ಸಾಕು. ಮಕ್ಕಳಿಗೆ ಕಾಯಿಲೆಯ ಹೆಸರು ಬೇಡ. ಗೆಳೆಯನು ಬಿದ್ದರೆ ಓಡಿಬಂದು ಹೇಳಬೇಕೆಂದು ಕಲಿಸಿದರಾಯಿತು.

ನಾನು ನಿವೃತ್ತನಾಗುವ ಮುನ್ನಿನ ವರ್ಷ ಎರಡನೆಯ ತರಗತಿಯ ಹುಡುಗನೊಬ್ಬನಿಗೆ ಸೆಳೆತ ಬಂದಿತು. ತರಗತಿಯ ಉಪಾಧ್ಯಾಯಿನಿಯು ಗಡಿಯಾರವನ್ನು ನೋಡಿಕೊಂಡು ಅವನನ್ನು ಮಗ್ಗುಲಿಗೆ ತಿರುಗಿಸಿ ಪಕ್ಕದಲ್ಲಿ ಕುಳಿತರು. ಒಬ್ಬ ಹುಡುಗಿ ತನ್ನ ಪುಸ್ತಕದ ಚೀಲವನ್ನು ಬರಿದುಮಾಡಿ ಅವನ ತಲೆಯ ಕೆಳಗೆ ಇಡಲು ಕೊಟ್ಟಳು. ಅರ್ಧ ಗಂಟೆಯ ಮೇಲೆ ಅವನು ಎದ್ದು, ಪಾಠ ಎಲ್ಲಿಗೆ ಬಂದಿದೆ ಎಂದು ಕೇಳಿದನು. ಮರುದಿನ ಯಾವ ತಾಯಿಯೂ ಜಾಗ ಬದಲಾಯಿಸಬೇಕೆಂದು ಬರಲಿಲ್ಲ. ಅಂದು ನಾನು ಬಾಗಿಲ ಬಳಿ ನಿಂತು ಇದೆಲ್ಲವನ್ನೂ ನೋಡುತ್ತಿದ್ದೆ. 1978ರಲ್ಲಿ ಸ್ಲೇಟನ್ನು ಎತ್ತಿಕೊಂಡು ಹೋದ ಆ ತಂದೆಯ ನೆನಪಾಯಿತು.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ತಾವೇ ತಂದೆತಾಯಿಗಳು, ಅಜ್ಜ ಅಜ್ಜಿಯರು. ಕೆಲವರು ಉಪಾಧ್ಯಾಯರು, ಕೆಲವರು ವೈದ್ಯರು. ಅವರಲ್ಲಿ ನನ್ನದೊಂದು ಬಿನ್ನಹವುಂಟು. ಮಗುವಿನ ಕಾಯಿಲೆಯನ್ನು ಶಾಲೆಗೆ ಧೈರ್ಯವಾಗಿ ತಿಳಿಸಿರಿ. ಶಾಲೆಯವರು ಅದನ್ನು ಕೇಳಿ ಮಗುವನ್ನು ಒಳಗೆ ಕರೆದುಕೊಳ್ಳಲಿ. ನಮ್ಮ ಶಾಲೆಯು ಇನ್ನೂ ಬೆಳೆದು ಶತಮಾನೋತ್ಸವವನ್ನು ಕಾಣಲಿ. ಕಾಯಿಲೆಯ ಕಾರಣದಿಂದ ಹೆಬ್ಬೆಟ್ಟು ಒತ್ತುವ ಸ್ಥಿತಿ ನಮ್ಮ ಯಾವ ಮಗುವಿಗೂ ಬಾರದಿರಲಿ ಎಂದು ಹಾರೈಸಿ ವಿರಮಿಸುತ್ತೇನೆ.